ಅಮ್ಮನ ಕಾಲಿನ ವಿಷ್ಯ

ಅಮ್ಮಾ, ಅಪ್ಪಾ, ಇಬ್ರಿಗೂ ನಮಸ್ಕಾರ. ನಾವಿಲ್ಲಿ ಚೆನ್ನಾಗಿದೀವಿ.

ಅಕ್ಕನ ಪತ್ರ ಬಂದಾಗಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ. ಮೀನಖಂಡದ ನರ, ಅಂದ್ರೆ ರಕ್ತನಾಳ, ಗಂಟುಗಂಟಾಗಿ ಉಬ್ಬಿ (ವೆರಿಕೋಸ್ ವೇನ್ಸ್ ಅಂತಾರಲ್ಲ, ಅದು), ಈಗ ಹರಡಿನ ಹತ್ರ ಚರ್ಮ ಕಪ್ಪಾಗಿ ನವೆ ಬೇರೆ ಅಂತೆ, ವಾರವಾರ ಫೋನ್ ಮಾಡ್ತೀನಿ, ಒಂದ್ ಮಾತು ಹೇಳ್ಲಿಲ್ವಲ್ಲಮ್ಮಾ ನೀನು. ದೊಡ್ಡಮ್ಮನ ಥರ ಕುಯ್ಯಿಸ್ಕೊಂಡು ಮಲಗಕ್ಕಾಗಲ್ಲ ಅಂತ ಹಟ ಹಿಡಿದಿದೀಯಂತೆ.

ದೊಡ್ಡಮ್ಮಂಗೆ ಮಾಡಿದ್ದು ಸ್ಟ್ರಿಪ್ಪಿಂಗ್. ತೊಡೆಸಂದೀಲಿ ಕುಯ್ದು, ನರನ ಮೇಲ್ಗಡೆ ಕಟ್ಟಿ, ಒಳಗೆ ತಂತಿ ತೂರಿಸಿ ಎಳೆದು ತೆಗೀತಾರೆ. ಅದಕ್ಕೇ ಅವ್ರಿಗೆ ಅಷ್ಟೊಂದು ನೋವಾಗಿದ್ದು, ಇವತ್ತಿಗೂ ಒಂದ್ ಜಾಗ ಮರಗಟ್ಟಿದ ಹಾಗೇ ಇರೋದು. ಈಗ ಎಲ್ರಿಗೂ ಹಾಗೇ ಮಾಡ್ಬೇಕು ಅಂತಿಲ್ಲಮ್ಮ. ಲೇಸರ್ ಇಲ್ಲಾ ರೇಡಿಯೋಫ್ರೀಕ್ವೆನ್ಸಿ ಅಂತಿದೆ, ಸೂಜಿ ತೂತಿಂದ ಸಣ್ಣ ವೈರು ನರದೊಳಗೆ ಬಿಟ್ಟು, ಸ್ಕ್ಯಾನಲ್ಲಿ ನೋಡ್ಕೊಂಡು, ಸುತ್ತ ಮರಗಟ್ಟೋ ಔಷಧಿ ತುಂಬಿಸಿ ಒಳಗಿಂದ ಬಿಸಿ ಕೊಡ್ತಾರೆ, ರೇಡಿಯೋಫ್ರೀಕ್ವೆನ್ಸೀಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್. ಹೆದರ್ಬೇಡ, ಆ ಔಷಧಿ ನೀರೇ ಸುತ್ತಮುತ್ತ ಬಿಸಿ ತಾಗದ ಹಾಗೆ ಕಾಯುತ್ತೆ. ನರ ಅಲ್ಲೇ ಮುಚ್ಚಿ ಹೋಗುತ್ತೆ, ರಕ್ತ ಬೇರೆ ಒಳ್ಳೆ ನರಗಳಲ್ಲಿ ಹರಿಯುತ್ತೆ. ಕೆಲವು ದಿನ ನೀಲಿಗಟ್ಟಿ ಎಳೆದ ಹಾಗೆ ನೋವಿರುತ್ತೆ, ಅಷ್ಟೆ.

ಇಲ್ಲಿ ಇಂಗ್ಲೆಂಡಲ್ಲಿ ನನ್ ಜೊತೆ ಕೆಲ್ಸ ಮಾಡೋರೊಬ್ರು ಬೆಳಿಗ್ಗೆ ಮಾಡಿಸ್ಕೊಂಡು ಮಧ್ಯಾಹ್ನ ಮನೆಗೆ ಬಂದ್ರು. ಈ ಜನಕ್ಕೆ ರೋಗಿ ಮಲಗಿದ್ರೆ ಆಗಲ್ಲ, ಎದ್ದು ನಡೀರಿ ನಡೀರಿ ಅಂತಾರೆ, ಅದ್ರಲ್ಲೂ ಅರ್ಥ ಇದೆ, ನಡೆದ್ರೆ ರಕ್ತ ಹೆಪ್ಪುಗಟ್ಟೋ ಭಯ ಕಮ್ಮಿ. 2013ರಲ್ಲೇ ಇಲ್ಲಿನ ನೈಸ್ ಅಂತ, ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡೋ ಸಂಸ್ಥೆಯವ್ರು ಮೊದ್ಲು ಈ ಬಿಸಿ ಚಿಕಿತ್ಸೆ, ಅದು ಹೊಂದದಿದ್ರೆ ಫೋಮ್ ಇಂಜೆಕ್ಷನ್ (ನೊರೆಯಂಥ ಔಷಧಿ ಚುಚ್ಚಿ ನರ ಮುಚ್ಚಿಸೋದು), ಅದೂ ಆಗದಿದ್ರೆ ಆಪರೇಷನ್ ಅಂತ ಹೇಳಿಬಿಟ್ಟಿದಾರೆ.

ಫೋಮ್ ಇನ್ನೂ ಸುಲಭ ಅಂತ ಯಾರಾದ್ರೂ ಅಂದ್ರೆ ತಕ್ಷಣ ಒಪ್ಕೋಬೇಡ. 2019ರಲ್ಲಿ ಬಂದ ಕ್ಲಾಸ್ ಅನ್ನೋ ಅಧ್ಯಯನದಲ್ಲಿ, 5 ವರ್ಷ ಆದ್ಮೇಲೆ ನೋಡಿದಾಗ ಲೇಸರ್ ಅಥವಾ ಆಪರೇಷನ್ ಆದವ್ರೇ ಫೋಮ್ ಹಾಕಿಸ್ಕೊಂಡವ್ರಿಗಿಂತ ಆರಾಮಾಗಿದ್ರು. ಹಾಗಾಗಿ ಆಪರೇಷನ್ನೂ ಕೆಟ್ಟದ್ದೇನಲ್ಲ, ನರ ತುಂಬಾ ಸೊಟ್ಟಸೊಟ್ಟ ಇದ್ರೆ ವೈರೇ ತೂರಲ್ಲ, ಆಗ ಅದೇ ಸರಿ ಇರಬಹುದು. ಯಾವ್ದು ಮಾಡಿಸಿದ್ರೂ ವರ್ಷಗಳಾದ್ಮೇಲೆ ಬೇರೆ ನರ ಉಬ್ಬಬಹುದು, ಅದನ್ನ ನಿನ್ ಹತ್ರ ಮುಚ್ಚಿಡಲ್ಲ.

ಅಪ್ಪಾ, ಮೊದ್ಲು ಅಮ್ಮಂಗೆ ರಕ್ತ ಹೇಗೆ ಹರೀತಿದೆ ಅಂತ ತೋರಿಸೋ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ನಿಲ್ಲಿಸಿ ನೋಡ್ಲಿ, ನರದೊಳಗಿನ ಯಾವ ಕವಾಟ ಸೋರ್ತಿದೆ, ಒಳಗಿನ ದೊಡ್ಡ ನರದಲ್ಲಿ ಹೆಪ್ಪು ಇದೆಯಾ ಅಂತ ಅದ್ರಲ್ಲೇ ಗೊತ್ತಾಗೋದು. ಚರ್ಮ ಕಪ್ಪಾಗಿದೆ ಅಂದ್ರೆ ಮುಂದೆ ಹುಣ್ಣಾಗಬಹುದು, ತಡ ಮಾಡ್ಬೇಡಿ. ಅಕಸ್ಮಾತ್ ನರ ಒಡೆದು ರಕ್ತ ಬಂದ್ರೆ ಮಲಗಿಸಿ, ಕಾಲು ಮೇಲೆತ್ತಿ, ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ. ಹಾಗೇನೂ ಆಗಲ್ಲ, ಸುಮ್ನೆ ಹೇಳ್ದೆ. ಏನೂ ಆಗಲ್ಲಮ್ಮ, ನಿಜವಾಗ್ಲೂ ಏನೂ ಆಗಲ್ಲ, ಎದ್ದು ಓಡಾಡ್ತೀಯ.

ದುಡ್ಡಿನ ಯೋಚ್ನೆ ನಂಗೆ ಬಿಡಿ. ಡ್ಯೂಟಿಗೆ ಹೊತ್ತಾಯ್ತು, ಬಸ್ಸು ತಪ್ಪುತ್ತೆ. ಸ್ಕ್ಯಾನ್ ಆದ ದಿನವೇ ಅಕ್ಕಂಗೆ ಬರೆಯಕ್ಕೆ ಹೇಳಿ.

ನಿಮ್ಮ ಮಗಳು