ಹೊಸಾ ಸೆನ್ಸರ್ ಹಾಕಿದ ಮ್ಯಾಲೂ ಲೈಟ್ ಹತ್ತಿದ್ರ

ಶ್ರೀ ಶರಣಬಸವೇಶ್ವರ ಪ್ರಸನ್ನ

ಕಲಬುರಗಿ

ಚಿ. ಶರಣುಗ ನಿನ್ನ ಕಾಕಾನ ಆಶೀರ್ವಾದ.

ಮನಿ ಸುದ್ದಿ ನಿಮ್ಮವ್ವ ಫೋನಿನಾಗ ಹೇಳಿರತಾಳ, ಅದನ್ನ ಮತ್ತ ಬರಿಯಂಗಿಲ್ಲ. ನಿನ್ನ ಪತ್ರದ ಕಡೀಕ ಒಂದು ಸಾಲು ಅದ: "ಕಾಕಾ, ಈಗ ಸೆನ್ಸರ್ ಅಂದ್ರ ಕೈ ನಡಗತದ." ಅದನ್ನ ಓದಿದಾಗಿಂದ ನನಗ ಸಮಾಧಾನ ಇಲ್ಲ.

ಗಿರಾಕಿ ಗಾಡಿದಾಗ ಇಂಜಿನ್ ಲೈಟ್ ಹತ್ತಿ ಸ್ಕ್ಯಾನರಿನಾಗ ಪಿ 2195 ಕೋಡ್ ಬಂತು, ನೀ ಹೊಸಾ ಎ/ಎಫ್ ಸೆನ್ಸರ್ (ಹೊಗಿ ನೋಡಿ ಗಾಳಿ-ಪೆಟ್ರೋಲಿನ ಪ್ರಮಾಣ ಹೇಳೂದು) ಹಾಕಿದಿ, ಮೂರನೇ ದಿನ ಮತ್ತ ಲೈಟ್ ಹತ್ತಿತು, ಮಾಲಕರು ಪಗಾರದಾಗ ಮುರಕೋತೀನಿ ಅಂದ್ರು. ತಮ್ಮಾ, ಆ ಕೋಡ್ "ಸೆನ್ಸರ್ ಕೆಟ್ಟದ" ಅಂತ ಹೇಳಂಗಿಲ್ಲ. "ಸೆನ್ಸರ್ ಲೀನ್ ಕಡೇನೇ, ಅಂದ್ರ ಗಾಳಿ ಹೆಚ್ಚು ಪೆಟ್ರೋಲ್ ಕಡಿಮಿ ಕಡೇನೇ, ನಿಂತದ" ಅಂತ ಅಷ್ಟೇ ಹೇಳತದ. ಖರೇನೇ ಗಾಳಿ ಹೆಚ್ಚಾಗಿದ್ರೂ ಚೊಲೋ ಸೆನ್ಸರ್ ಸೈತ ಅಲ್ಲೇ ನಿಲ್ಲತದ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದ್ರ ಹೊರಗಿನ ಗಾಳಿ ಹೊಗಿ ಪೈಪಿನಾಗ ಎಳಕೊಳ್ಳತದ. ಒಂದು ಸಿಲಿಂಡರ್ ಮಿಸ್ ಹೊಡದ್ರ ಉರೀಲಾರದ ಪೆಟ್ರೋಲ್ ಕೂಡ ಉರೀಲಾರದ ಆಕ್ಸಿಜನ್ ಸೈತ ಬರತದ. ಸೆನ್ಸರ್ ನೋಡೂದು ಆಕ್ಸಿಜನ್, ಅದಕ್ಕ ಲೀನ್ ಅಂತದ.

ತಪ್ಪು ನಂದೂ ಅದ. ನಿನಗ ಪಾನಾ ಹಿಡಿಯೂದು ಕಲಿಸಿದೆ, ಮೀಟರ್ ಹಿಡಿಯೂದು ಕಲಿಸ್ಲಿಲ್ಲ. ಕಾರ್ಬೊರೇಟರ್ ಕಾಲದಾಗ ಪ್ಲಗ್ಗಿನ ಬಣ್ಣ ನೋಡಿ ಕೆಲಸ ನಡೀತಿತ್ತು, ಆ ರೂಢೀನೇ ನಿನಗ ದಾಟಿಸಿಬಿಟ್ಟೆ. ಈಗ ನಿನ್ನ ಕೈ ನಡಗೂದು ಕೇಳಿದ ಮ್ಯಾಲ ಇದನ್ನ ಬರಿಯಾಕ ಕುಂತೀನಿ.

ಸೈಲೆನ್ಸರ್ ಕಡಿಗಿರೂ ಸಾದಾ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟಿನ ಒಳಗ ಕೆಲಸ ಮಾಡತದ, ವೋಲ್ಟ್ ಹೆಚ್ಚಾದ್ರ ರಿಚ್, ಅಂದ್ರ ಪೆಟ್ರೋಲ್ ಹೆಚ್ಚು. ಮುಂದಿನ ಎ/ಎಫ್ ಸೆನ್ಸರ್ ಇದರ ಉಲ್ಟಾ. ನೀ ಹೇಳಿದ ಟೊಯೋಟಾದಂಥ ನಾಲ್ಕು ವಾಯರಿನದಾಗ ಇಸಿಯು, ಅಂದ್ರ ಇಂಜಿನ್ನಿನ ಕಂಪ್ಯೂಟರ್, ತಾನೇ ಒಂದು ವಾಯರಿಗೆ 3.3 ವೋಲ್ಟ್, ಇನ್ನೊಂದಕ್ಕ 3.0ರ ಹತ್ರ ಹಿಡದಿರತದ. ಬದಲಾಗೂದು ವೋಲ್ಟ್ ಅಲ್ಲ, ಮಿಲಿಆಂಪಿನ ಲೆಕ್ಕದ ಕರೆಂಟು. ಹಂಗಾಗಿ ವಾಯರಿಗೆ ಮೀಟರ್ ಹಚ್ಚಿ "ಮುಳ್ಳು ಅಳ್ಳಾಡವಲ್ದು, ಸೆನ್ಸರ್ ಸತ್ತದ" ಅನ್ನಬ್ಯಾಡ. ಭಾಳ ಮಂದಿ ಅಲ್ಲೇ ಎಡವತಾರ, ನೀನೂ ಅಲ್ಲೇ ಎಡವಿದಿ ಅಂತ ನನಗ ಅನಸತದ. ಸ್ಕ್ಯಾನರಿನಾಗ ನೋಡು, ಇಸಿಯು ಆ ಕರೆಂಟನ್ನ ವೋಲ್ಟಿನ ಲೆಕ್ಕಕ್ಕ ತಂದು ತೋರಸತದ: 3.3 ಅಂದ್ರ ಸರಿ, ಮ್ಯಾಲ ಹೋದ್ರ ಲೀನ್, ಕೆಳಗ ಬಂದ್ರ ರಿಚ್. ಐದು ವಾಯರಿನ ಬಾಷ್ ಮಾದರಿ ಇದ್ರ ಲ್ಯಾಂಬ್ಡಾ ನೋಡು, ಅಂದ್ರ ಬೇಕಾದ ಗಾಳಿಗೆ ಸಿಕ್ಕ ಗಾಳಿಯ ಪ್ರಮಾಣ, 1.00ರ ಆಸುಪಾಸು ಇರಬೇಕು.

ಅಂಜಿಕಿ ಬಿಡಿಸೂ ಪರೀಕ್ಷಾ ಒಂದದ. ಇಂಜಿನ್ ಪೂರ್ತಿ ಬಿಸಿ ಆಗಲಿ. ಸ್ಕ್ಯಾನರಿನ ಆಕ್ಟಿವ್ ಟೆಸ್ಟಿನಾಗ ಪೆಟ್ರೋಲ್ 25% ಹೆಚ್ಚು ಮಾಡು, ಸೆನ್ಸರ್ 3.0ಕ್ಕಿಂತ ಕೆಳಗ ಬರಬೇಕು. 12.5% ಕಡಿಮಿ ಮಾಡು, 3.35 ದಾಟಬೇಕು. ಕೆಲವು ಸೆಕೆಂಡ್ ತಡಾ ಆಗತದ, ಕಾಯಿ. ಸ್ಕ್ಯಾನರಿನಾಗ ಆಕ್ಟಿವ್ ಟೆಸ್ಟ್ ಇಲ್ಲಂದ್ರ, ಅಂಕಿ ನೋಡ್ಕೋತ ರೇಸ್ ಕೊಟ್ಟು ಒಮ್ಮೆಲೇ ಕಾಲು ಬಿಡು. ಪೆಟ್ರೋಲ್ ಕಟ್ ಆದಾಗ ಅಂಕಿ ಲೀನ್ ಕಡೆ ಜಿಗೀಬೇಕು. ಎರಡೂ ಕಡೆ ಓಡಿತಂದ್ರ ಸೆನ್ಸರ್ ಜೀವಂತ ಅದ, ನೀ ಬ್ಯಾರೆ ಕಡೆ ಹುಡುಕು.

ಎಲ್ಲಿ ಅಂದ್ರ, ಫ್ಯೂಯಲ್ ಟ್ರಿಮ್ ಹೇಳತದ. ಇಸಿಯು ಪೆಟ್ರೋಲ್ ಎಷ್ಟು ಶೇಕಡಾ ಹೆಚ್ಚು ಕಡಿಮಿ ಮಾಡೇದ ಅನ್ನೂ ಅಂಕಿ ಅದು. ಐಡಲಿನಾಗ, ಅಂದ್ರ ರೇಸ್ ಕೊಡಲಾರದಾಗ, +20, 2500 ಆರ್‌ಪಿಎಂನಾಗ ಸರಿ ಆಯ್ತಂದ್ರ ವ್ಯಾಕ್ಯೂಮ್ ಪೈಪೋ ಇನ್‌ಟೇಕ್ ಗ್ಯಾಸ್ಕೆಟ್ಟೋ ಸೋರತದ. ಐಡಲ್ ಸರಿ, ಲೋಡಿನಾಗ ಏರತದ ಅಂದ್ರ ಪೆಟ್ರೋಲ್ ಪ್ರೆಷರ್ ಅಳಿ, ಇಲ್ಲಾ ಗಾಳಿ ಅಳಿಯೂ ಮಾಸ್ ಸೆನ್ಸರ್ ನೋಡು. ನಮ್ಮ ಕಡೆ ಎರಿ ಮಣ್ಣಿನ ಧೂಳು, ಶಹಾಬಾದ ಕಲ್ಲಿನ ಪುಡಿ ಆ ಮಾಸ್ ಸೆನ್ಸರಿನ ಬಿಸಿ ತಂತಿಗೆ ಹತ್ತಿದ್ರ ಅದು ಗಾಳಿ ಕಡಿಮಿ ತೋರಸತದ, ಇಸಿಯು ಪೆಟ್ರೋಲ್ ಕಡಿಮಿ ಕೊಡತದ. ಏರ್ ಫಿಲ್ಟರ್ ಹರದದೇನು ಅಂತ ಮದಲ ನೋಡು. ಮತ್ತ, ಈಗಿನ ಪೆಟ್ರೋಲಿನಾಗ 20% ಎಥೆನಾಲ್ ಇರತದ. ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದ್ರ ಎಥೆನಾಲಿಗೆ 9 ಸಾಕು. ಅದಕ್ಕ ಹಳೇ ಗಾಡಿದಾಗ ಟ್ರಿಮ್ ಥೋಡೆ ಪ್ಲಸ್ ಇರತದ. ಅಷ್ಟಕ್ಕೇ ಗಾಬರಿ ಬೀಳಬ್ಯಾಡ.

ಎ/ಎಫ್ ಸೆನ್ಸರಿನ ಒಳಗಿನ ಹೀಟರಿನ ಕೋಡ್ ಬಂದ್ರ, ಅಂದ್ರ ಪಿ 0031, ಪಿ 0032, ಅದು ಬ್ಯಾರೆ ಮಾತು. ಕಪ್ಲರ್ ತಗದು ಹೀಟರಿನ ಎರಡು ಪಿನ್ನಿನ ನಡುವ ಓಮ್ ನೋಡು. ಟೊಯೋಟಾದವ್ರು 20 ಡಿಗ್ರಿಗೆ 1.8ರಿಂದ 3.4 ಓಮ್ ಕೊಟ್ಟಾರ. ಬ್ಯಾಸಗ್ಯಾಗ ಬೀದರಿನಾಗ 20 ಡಿಗ್ರಿ ಎಲ್ಲಿಂದ ಬರಬೇಕು, ರಾತ್ರಿಪೂರಾ ಆರಿದ ಗಾಡಿ ಮುಂಜಾನೆ ನೋಡು, ಒಂದೀಟು ಹೆಚ್ಚು ಬಂದ್ರ ತಪ್ಪಲ್ಲ. ಚಾವಿ ಹಾಕಿದಾಗ ಗಾಡಿ ಕಡಿಯ ಕಪ್ಲರಿನಾಗ 12 ವೋಲ್ಟ್ ಬರಬೇಕು. ಬರಲಿಲ್ಲಂದ್ರ ಫ್ಯೂಸ್, ರಿಲೇ, ಮತ್ತ ಇಲಿ ಕಡದ ವಾಯರ್. ಸಿಗ್ನಲ್ ಪಿನ್ನಿಗೆ ಮಾತ್ರ ಓಮ್ ಮೀಟರ್ ಹಚ್ಚಬ್ಯಾಡ, ಚೊಲೋ ಸೆನ್ಸರ್ ಸೈತ ಕೆಡಬಹುದು.

ನೀ ಹಾಕಿದ್ದು ಹೊಸಾದು ಅಂತ ಅದನ್ನ ನಂಬಿ ಕುಂದರಬ್ಯಾಡ, ಅದಕ್ಕೂ ಇದೇ ಪರೀಕ್ಷಾ. ಕಪ್ಲರ್ ಕೂಡ್ಲಿಲ್ಲಂತ ಬ್ಯಾರೆ ಗಾಡಿದು ಹಾಕಿ ವಾಯರ್ ಬೆಸಿಗಿ ಮಾಡಿದ್ರ ಹೇಳು. ಭಾಳ ಸೆನ್ಸರ್ ವಾಯರಿನ ಎಳಿ ನಡುವಿಂದ ಹೊರಗಿನ ಗಾಳಿ ಎಳಕೋತಾವ, ಬೆಸಿಗಿ ಆ ದಾರಿ ಮುಚ್ಚತದ. ಗ್ಯಾಸ್ಕೆಟ್ಟಿಗೆ ಸಾದಾ ಸಿಲಿಕಾನ್ ಪೇಸ್ಟ್ ಹಚ್ಚಿದ್ರೂ ತುದಿಗೆ ಬೆಳ್ಳಗ ಕೂತು ಹೊಸಾದನ್ನ ಕೊಲ್ಲತದ. ಕೂಡಸುವಾಗ 22ರ ಪಾನಾ, 44 ನ್ಯೂಟನ್ ಮೀಟರ್ ಬಿಗಿ ಸಾಕು. ಆ್ಯಂಟಿಸೀಜ್ (ಕಚ್ಚಿ ಹಿಡೀಲಾರದಂಗ ಹಚ್ಚೂ ಪೇಸ್ಟ್) ಚೂಡಿಗೆ, ಅಂದ್ರ ಥ್ರೆಡ್ಡಿಗೆ ಮಾತ್ರ, ತುದಿಗೆ ಬ್ಯಾಡ.

ನಾ ಏನೇನೋ ಒಂದಕ್ಕೊಂದು ಸೇರಿಸಿ ಬರೀಲಿಕತ್ತೀನಿ, ತಪ್ಪು ತಿಳಕೋಬ್ಯಾಡ. ಮತ್ತ ಮತ್ತ ನಿನ್ನ ಆ ಸಾಲೇ ಕಣ್ಣ ಮುಂದ ಬರತದ. ಕೈ ನಡಗೂದು ಕೆಲಸ ಬರಲಾರದ್ದಕ್ಕಲ್ಲ ತಮ್ಮಾ, ಅಂದಾಜಿನ ಮ್ಯಾಲ ಗಿರಾಕಿ ರೊಕ್ಕ ಖರ್ಚು ಮಾಡಿಸಿದೆ ಅನ್ನೂ ಸಂಕಟಕ್ಕ. ಆ ಸಂಕಟ ನಿನಗಾಯ್ತಲ್ಲ, ಅದಕ್ಕೇ ಈ ಕೆಲಸ ಬಿಡಬ್ಯಾಡ ಅಂತೀನಿ.

ಹಳೇ ಸೆನ್ಸರ್ ಬಿಸಾಕಿಲ್ಲಲ್ಲ? ಅದನ್ನ ತಿರಗಿ ಹಾಕಿ ಮ್ಯಾಲ ಬರದ ಪರೀಕ್ಷಾ ಮಾಡು. ಕೋಡ್ ಅಳಿಸೂಕ ಮದಲ ಫ್ರೀಜ್ ಫ್ರೇಮಿನ ಅಂಕಿ ಬರಕೊ, ಲೈಟ್ ಯಾವ ವೇಗದಾಗ, ಎಷ್ಟು ಲೋಡಿನಾಗ ಹತ್ತಿತು ಅಂತ ಅಲ್ಲಿರತದ. ಹಳೇದು ಚೊಲೋ ಇದ್ರ ಮಾಲಕರಿಗೂ ಗಿರಾಕಿಗೂ ಇದ್ದದ್ದು ಇದ್ದಂಗ ಹೇಳು. ಪಗಾರದಾಗ ಮುರದ್ರ ನಾ ಕೊಡತೀನಿ, ನಿಮ್ಮಪ್ಪನಿಗೆ ಕೇಳಬ್ಯಾಡ.

ಐಡಲಿನ ಟ್ರಿಮ್, 2500ರ ಟ್ರಿಮ್, ಹೆಚ್ಚು ಕಡಿಮಿ ಮಾಡಿದಾಗ ಬಂದ ಎರಡು ವೋಲ್ಟ್, ಈ ನಾಲ್ಕು ಅಂಕಿ ಬರದು ಕಳಿಸು. ಅಳಿಯೂವಾಗ ಕೈ ನಡಗಿತೋ ಇಲ್ಲೋ ಅದನ್ನೂ ಬರಿ.

ನಿನ್ನ ಕಾಕಾ