ಕೊಲೆಗಾರನ ಪರ ವಕಾಲತ್ತು ವಹಿಸುವ ಪಿಶಾಚಿ

ಪ್ರಿಯ ಮಿತ್ರರೇ,

ನಿಮ್ಮ ಪತ್ತೇದಾರಿ ಧಾರಾವಾಹಿಯ ಮೂರು ಕಂತುಗಳನ್ನು ಎರಡೆರಡು ಸಲ ಓದಿದೆ. ಸಂಭಾಷಣೆ ಚುರುಕಾಗಿದೆ, ಆ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ತಮ್ಮನನ್ನು ಕೊಂದವನು ತಾನಲ್ಲ, ತನ್ನೊಳಗೆ ಹೊಕ್ಕ ಪಿಶಾಚಿ ಎಂದು ಅಣ್ಣ ಹೇಳಿದಾಗ ನಿಮ್ಮ ಇನ್‌ಸ್ಪೆಕ್ಟರ್ ನಂಬಿ ಕಣ್ಣೀರಿಡುತ್ತಾನೆ. ಅವನ ಜೊತೆಗೆ ಕಥೆಯೂ ನಂಬಿಬಿಡುತ್ತದೆ. ಪಿಶಾಚಿ ಬಂದದ್ದಕ್ಕೆ ನನ್ನ ತಕರಾರಿಲ್ಲ, ಅದು ಕೊಲೆಗಾರನ ಪರ ವಕಾಲತ್ತು ವಹಿಸಿದ್ದಕ್ಕೆ ಇದೆ.

1990ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಆರಂಭವಾದ ಪತ್ತೇದಾರಿ ಧಾರಾವಾಹಿ ‘ಟ್ವಿನ್ ಪೀಕ್ಸ್’ ನಿಮಗೆ ಮೆಚ್ಚಿನದೆಂದು ಬರೆದಿದ್ದೀರಿ. ಅದನ್ನು ಇನ್ನೊಮ್ಮೆ ನೋಡಿ, ಈ ಸಲ ಬಾಬ್ ಎಂಬ ದುಷ್ಟಶಕ್ತಿಯ ಬದಲು ಲೀಲ್ಯಾಂಡ್ ಪಾಮರ್‌ನ ಮೇಲೆ ಕಣ್ಣಿಡಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ದಡದಲ್ಲಿ ಬಿದ್ದಿದ್ದ ಹುಡುಗಿ ಲಾರಾಳನ್ನು ಕೊಂದವನು ಅವಳ ತಂದೆ ಲೀಲ್ಯಾಂಡನೇ, ಅವನ ಮೈಯಲ್ಲಿ ಬಾಬ್ ಇದ್ದ. ಆದರೆ ಸಾಯುವಾಗ ಲೀಲ್ಯಾಂಡ್, ಬಾಲ್ಯದಲ್ಲಿ ಬಾಬ್‌ನನ್ನು ಒಳಗೆ ಕರೆದುಕೊಂಡವನು ತಾನೇ ಎಂದು ಒಪ್ಪಿಕೊಳ್ಳುತ್ತಾನೆ. ಊರಿನ ಪೊಲೀಸ್ ಮುಖ್ಯಸ್ಥ ಷೆರಿಫ್ ಟ್ರೂಮನ್ ಇದನ್ನೆಲ್ಲ ನಂಬಲಾರದೆ ಒದ್ದಾಡುವಾಗ, ತಂದೆಯೊಬ್ಬ ಹೆತ್ತ ಮಗಳನ್ನೇ ಕೆಡಿಸಿ ಕೊಂದನೆಂದು ನಂಬುವುದು ಇದಕ್ಕಿಂತ ಸುಲಭವೇ ಎಂದು ತನಿಖೆಗೆ ಬಂದ ಎಫ್‌ಬಿಐ ಅಧಿಕಾರಿ ಕೂಪರ್ ಕೇಳುತ್ತಾನೆ. ಊರಿಗೆ ಬಾಬ್ ಏಕೆ ಬೇಕಾಗಿದ್ದ ಎಂಬುದು ಆ ಒಂದು ಪ್ರಶ್ನೆಯಲ್ಲಿ ಬಯಲಾಗುತ್ತದೆ. ಲಾರಾಳ ಕೊನೆಯ ದಿನಗಳನ್ನು ಅವಳ ಕಡೆಯಿಂದ ಹೇಳಿದ 1992ರ ಚಲನಚಿತ್ರದಲ್ಲಿ ಒಂದು ಊಟದ ದೃಶ್ಯವಿದೆ: ನಿನ್ನ ಉಗುರು ಕೊಳಕಾಗಿದೆ ಎಂದು ತಂದೆ ಮಗಳ ಕೈ ಹಿಡಿದು ಗದರುತ್ತಾನೆ, ತಾಯಿ ತಡೆಯಲಾರದೆ ಚಡಪಡಿಸುತ್ತಾಳೆ. ಇಡೀ ಕಥೆಯಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸಿದ್ದು ಕಾಡಾಗಲಿ ಕನಸಿನ ಕೋಣೆಯ ಕೆಂಪು ಪರದೆಗಳಾಗಲಿ ಅಲ್ಲ, ಆ ಊಟದ ಮೇಜು.

ನೀವು ಪಿಶಾಚಿಗೆ ಕರಾವಳಿಯ ದೈವದ ವೇಷ ತೊಡಿಸಿದ್ದೀರಿ. ತುಳುನಾಡಿನ ಕೋಲದಲ್ಲಿ ದೈವ ಮೈಮೇಲೆ ಬಂದಾಗ ಊರಿನ ವ್ಯಾಜ್ಯಗಳು ಅದರ ಮುಂದೆ ಬರುತ್ತವೆ, ತಪ್ಪಿದವನು ಅದರ ನುಡಿಗೆ ತಲೆಬಾಗಬೇಕಾಗುತ್ತದೆ. ಮನುಷ್ಯನಿಂದ ಲೆಕ್ಕ ಕೇಳುವ ಶಕ್ತಿಯನ್ನು ಅವನ ಲೆಕ್ಕ ಮನ್ನಾ ಮಾಡುವ ನೆಪವಾಗಿ ಬಳಸಿದ್ದು ನನಗೆ ಸರಿಬರಲಿಲ್ಲ. ವೇಷವನ್ನು ತೆಗೆದುಬಿಡಿ.

ಇನ್ನು ನಿಮ್ಮ ನಾಯಕ. ಅವನ ಸತ್ತ ಹೆಂಡತಿ ಅವನು ಕುಡಿದಾಗ ಮಾತ್ರ ನೆನಪಾಗುತ್ತಾಳೆ, ಪ್ರಕರಣಕ್ಕೂ ಅವಳಿಗೂ ಸಂಬಂಧವೇ ಇಲ್ಲ. ಇಂಥ ಗಾಯ ಬರಿಯ ಒಡವೆ. ಕೂಪರ್‌ನ ಗಾಯ ಹಾಗಲ್ಲ. ಅವನು ತಾನು ಪ್ರೀತಿಸಿದ ಕ್ಯಾರೊಲಿನ್‌ಳನ್ನು ಉಳಿಸಿಕೊಳ್ಳಲಾಗದವನು. 1991ರ ಕೊನೆಯ ಕಂತಿನಲ್ಲಿ ಬ್ಲ್ಯಾಕ್ ಲಾಡ್ಜ್ ಎಂಬ ದುಷ್ಟಶಕ್ತಿಗಳ ಲೋಕ ಅವನೆದುರು ಅವಳನ್ನೇ ತಂದು ನಿಲ್ಲಿಸುತ್ತದೆ, ಅವನು ಒಳಗೇ ಉಳಿಯುತ್ತಾನೆ, ಹೊರಬರುವುದು ಅವನ ಪ್ರತಿರೂಪ. 2014ರ ಧಾರಾವಾಹಿ ‘ಟ್ರೂ ಡಿಟೆಕ್ಟಿವ್’ನ ಪತ್ತೇದಾರ ರಸ್ಟ್ ಕೋಲ್‌ನದು ಇನ್ನೊಂದು ಬಗೆ. ಮಗಳನ್ನು ಕಳೆದುಕೊಂಡು, ಮಾದಕವಸ್ತು ಜಾಲದೊಳಗೆ ವರ್ಷಗಟ್ಟಲೆ ಗುಪ್ತವಾಗಿ ದುಡಿದವನ ಕಣ್ಣಿಗೆ ಇಲ್ಲದ ದೃಶ್ಯಗಳು ಕಾಣುತ್ತವೆ. ಆದ್ದರಿಂದ ಕೊಲೆಗಾರನ ಅಡಗುದಾಣದಲ್ಲಿ ಅವನ ತಲೆಯ ಮೇಲೆ ಆಕಾಶದಲ್ಲಿ ಸುಳಿಯೊಂದು ತೆರೆದುಕೊಂಡಾಗ ಅದು ಅಲೌಕಿಕವೋ ಅವನ ಮಿದುಳಿನ ಆಟವೋ ನಾವು ತೀರ್ಮಾನಿಸಲಾರೆವು. ಅಷ್ಟಾದರೂ ಅವನ ಹೊಟ್ಟೆಗೆ ಚಾಕು ಹಾಕುವವನು ರಕ್ತಮಾಂಸದ ಮನುಷ್ಯನೇ.

ಹೊಸ ಕರಡಿಗೆ ಮೊದಲು ನನಗೊಂದು ದೃಶ್ಯ ಬರೆದು ಕಳುಹಿಸಿ. ಕೊಲೆಗೆ ಹಿಂದಿನ ವಾರ, ಅಣ್ಣ ತಮ್ಮ ಇಬ್ಬರೂ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದಾರೆ, ಪಿಶಾಚಿಯ ಸುಳಿವೂ ಇಲ್ಲ. ಸಾರು ಬಡಿಸುವವನು ಅಣ್ಣನೇ ಆಗಿರಲಿ.

ನಿಮ್ಮ ಹಿತೈಷಿ