ನಗೋ ಡ್ರಿಲ್ ಸಾಕು, ಒಗಟು ಹಾಕಿ

ಸಂಪಾದಕರೇ,

ಅಕ್ಟೋಬರ್ 1 ಹಿರಿಯರ ದಿನ ಬಂತಂದ್ರೆ ವಯಸ್ಸಾದವರನ್ನ ಸಾಲಾಗಿ ಕೂರ್ಸಿ, ಶಾಲು ಹೊದ್ಸಿ, ಕೈ ಎತ್ತಿ ಹ್ಹ ಹ್ಹ ಹೋ ಹೋ ಅನ್ಸೋ ಪ್ರೋಗ್ರಾಂ ಒಂದು ಎಲ್ಲಾದ್ರೂ ಇದ್ದೇ ಇರತ್ತೆ. ಲಾಫ್ಟರ್ ಯೋಗ ಅಂತಾರೆ ಇದನ್ನ, ಡಾ. ಮದನ್ ಕಟಾರಿಯಾ 1995ರಲ್ಲಿ ಮುಂಬೈ ಪಾರ್ಕೊಂದರಲ್ಲಿ ಶುರು ಮಾಡಿದ್ದು, ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ನಮ್ಮ ಅಜ್ಜ ಅಜ್ಜಿಯರಿಗೆ ನಗಕ್ಕೆ ಬರಲ್ಲ ಅಂತ ಯಾರು ಹೇಳಿದ್ದು? ಮಕ್ಕಳೆಲ್ಲ ಬೆಂಗಳೂರು ಸೇರಿದಾರೆ, ತೋಟದ ಮನೇಲಿ ಇಬ್ರೇ ಇದಾರೆ, ತಮಾಷೆ ಮಾಡೋದು ಯಾರ ಹತ್ರ. ರಾಬರ್ಟ್ ಪ್ರೊವೈನ್ ಅನ್ನೋ ವಿಜ್ಞಾನಿ ಲೆಕ್ಕ ಹಾಕಿ ನೋಡಿದ್ರು, ಒಬ್ರೇ ಇದ್ದಾಗಿಗಿಂತ ಜನರ ಜೊತೆ ಇದ್ದಾಗ ನಾವು ಸುಮಾರು 30 ಪಟ್ಟು ಜಾಸ್ತಿ ನಗ್ತೀವಂತೆ.

ಪಾಪುಗೂ ಇದು ಗೊತ್ತು. ಮೂರ್ನಾಲ್ಕು ತಿಂಗಳಿಗೆ ಕಿಲಕಿಲ ಅನ್ನತ್ತೆ, ವರ್ಷ ತುಂಬೋ ಮುಂಚೆನೇ ಬಿಸ್ಕೆಟ್ ಕೊಡೋ ಹಾಗೆ ಕೈ ಚಾಚಿ, ನಾವು ತಗೊಳಕ್ಕೆ ಹೋದ್ರೆ ಪಟ್ ಅಂತ ಎಳ್ಕೊಂಡು ನಮ್ಮ ಮುಖಾನೇ ನೋಡ್ತಾ ಕೂರತ್ತೆ, ನಕ್ರೆ ಮತ್ತೆ ಅದೇ ಆಟ! ವಾಸುದೇವಿ ರೆಡ್ಡಿ ಅನ್ನೋ ಸೈಕಾಲಜಿಸ್ಟ್ ಇಂಥ ಕೀಟಲೆನೇ ಸ್ಟಡಿ ಮಾಡಿದಾರೆ. ಆರೇಳು ವರ್ಷಕ್ಕೆ ಒಗಟಿನ ಹುಚ್ಚು ಹಿಡಿಯತ್ತೆ, ಹೇಳಿದ್ದು ಒಂದು ಅರ್ಥ ಇನ್ನೊಂದು ಅನ್ನೋದು ಆಗ ತಾನೇ ತಲೆಗೆ ಹತ್ತಿರತ್ತಲ್ಲ. ಹೈಸ್ಕೂಲಿಗೆ ಬಂದ್ರೆ ಒಬ್ರನ್ನೊಬ್ರು ಕಾಲೆಳೆಯೋದು ಜೋರಾಗತ್ತೆ, ಅದ್ರಲ್ಲಿ ಸ್ನೇಹ ಬೆಳೆಸೋದೂ ಇದೆ, ಒಬ್ಬನ್ನ ಮೂಲೆಗೆ ತಳ್ಳೋದೂ ಇದೆ, ಮೇಷ್ಟ್ರುಗಳು ಎರಡಕ್ಕೂ ಒಂದೇ ಬೈಗುಳ ಬೈತಾರೆ ಅನ್ನೋದು ನನ್ನ ತಕರಾರು.

ದೊಡ್ಡವರ ವಿಷ್ಯಕ್ಕೆ ಬಂದ್ರೆ ನಮ್ಮ ಕೊಡಗಿನ ಕುಂಡೆ ಹಬ್ಬಾನೇ ನೋಡಿ. ಮೇ ಕೊನೆಗೆ ದೇವರಪುರದಲ್ಲಿ ಜೇನುಕುರುಬರು, ಯರವರು ಅನ್ನೋ ಬುಡಕಟ್ಟಿನ ಗಂಡಸರೆಲ್ಲ ಹೆಣ್ಣುವೇಷ ಹಾಕ್ಕೊಂಡು ಡಬ್ಬ ಬಡೀತಾ ಬಂದು, ವರ್ಷವಿಡೀ ಕೂಲಿ ಕೊಡೋ ಸಾಹುಕಾರ್ರನ್ನೇ ಬಾಯಿಗೆ ಬಂದಂಗೆ ಬೈದು ಕಾಸು ಕೇಳ್ತಾರೆ. ಬೈಸ್ಕೊಂಡೋರೂ ನಕ್ಕೊಂಡು ಕೊಡ್ತಾರೆ. ಹೊರಗಿನವ್ರಿಗೆ ಅಸಹ್ಯ ಅನ್ಸಬಹುದು, ನಂಗೇನೂ ಹಾಗನ್ಸಲ್ಲ, ಆ ಒಂದು ದಿನ ಆಡೋ ಮಾತು ಬೇರೆ ದಿನ ಆಡಕ್ಕಾಗತ್ತಾ?

ಅದಕ್ಕೇ ನಿಮ್ಮಲ್ಲಿ ಒಂದು ರಿಕ್ವೆಸ್ಟು. ಒಗಟು ಬೇಕಾಗಿರೋದು ಆರೇಳು ವರ್ಷದ ಮಕ್ಕಳಿಗೆ, ಒಗಟು ಗೊತ್ತಿರೋದು ಎಪ್ಪತ್ತು ದಾಟಿದವ್ರಿಗೆ. ಭಾನುವಾರದ ಪುಟದಲ್ಲಿ ಅಜ್ಜ ಅಜ್ಜಿಯರು ಕಳ್ಸೋ ಒಗಟಿಗೆ ಸ್ವಲ್ಪ ಜಾಗ ಕೊಡಿ. ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ ಅಂದ್ರೆ ಪುಸ್ತಕದ ಉತ್ತರ ಮಲ್ಲಿಗೆ, ನಮ್ಮ ಪಕ್ಕದ್ಮನೆ ಹುಡುಗಿ ಮಾತ್ರ ಕಾಫಿ ಹೂವು ಅಂತ ಹಟ ಹಿಡಿದ್ಳು, ಅವಳಜ್ಜಿ ನಕ್ಕೂ ನಕ್ಕೂ ಹೌದು ಕಣೇ ಅಂದ್ರು. ಇಂಥ ಉತ್ತರಾನೂ ಹಾಕಿ. ಮಳೆಗಾಲದಲ್ಲೇ ಶುರು ಮಾಡಿದ್ರೆ ಇನ್ನೂ ಒಳ್ಳೇದು, ಸ್ಕೂಲಿಗೆ ರಜೆ, ಕರೆಂಟಿರಲ್ಲ. ಉತ್ತರ ಮಾತ್ರ ಅದೇ ದಿನ ಪ್ರಿಂಟ್ ಮಾಡ್ಬೇಡಿ, ಮುಂದಿನ ವಾರಕ್ಕಿಡಿ, ಆಗ ಬೆಂಗಳೂರಲ್ಲಿರೋ ಮೊಮ್ಮಕ್ಕಳು ಫೋನ್ ಮಾಡಿಯಾದ್ರೂ ಕೇಳ್ತಾವೆ.

– ನಿಮ್ಮ ಓದುಗ, ಸಿದ್ದಾಪುರ, ಕೊಡಗು